ಹಾಡು, ನಾಟಕ, ಯಕ್ಷಗಾನ ಮತ್ತು ಚಲನಚಿತ್ರ: ಕೃತಿಸ್ವಾಮ್ಯದ ಬಗ್ಗೆ ಸಾರ್ವಜನಿಕರು ತಿಳಿದಿರಬೇಕಾದ ವಿಷಯಗಳು

1. ಪೀಠಿಕೆ

ಊರಹಬ್ಬದಲ್ಲಿ ವಾದ್ಯಗೋಷ್ಠಿ, ಶಾಲಾ ವಾರ್ಷಿಕೋತ್ಸವದಲ್ಲಿ ನಾಟಕ, ಮದುವೆಯ ಮೆರವಣಿಗೆಯಲ್ಲಿ ಚಿತ್ರಗೀತೆ, ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ - ಇವು ಕರ್ನಾಟಕದ ಜನಜೀವನದ ಅವಿಭಾಜ್ಯ ಅಂಗಗಳಾಗಿವೆ. ಇವುಗಳಲ್ಲಿ ಬಳಕೆಯಾಗುವ ಹಾಡು, ಸಂಭಾಷಣೆ, ಸಂಗೀತ, ನೃತ್ಯವಿನ್ಯಾಸ ಮುಂತಾದವುಗಳು ಯಾರಾದರೊಬ್ಬರ ಬುದ್ಧಿಶಕ್ತಿಯ ಹಾಗೂ ಪರಿಶ್ರಮದ ಫಲಗಳು. ಇಂತಹ ಫಲಗಳ ಮೇಲೆ ಅವುಗಳ ಕರ್ತೃವಿಗೆ ಕಾನೂನು ನೀಡಿರುವ ಹಕ್ಕನ್ನು ಕೃತಿಸ್ವಾಮ್ಯ ಎಂದು ಕರೆಯಲಾಗುತ್ತದೆ.

ಈ ವಿಷಯದಲ್ಲಿ ಎರಡು ಬಗೆಯ ತೊಂದರೆಗಳು ಕಂಡುಬರುತ್ತವೆ. ಒಂದೆಡೆ, ಹಾಡು ಬರೆದವರು, ಪ್ರಸಂಗ ರಚಿಸಿದವರು ಹಾಗೂ ಕಲಾವಿದರು ತಮಗಿರುವ ಹಕ್ಕನ್ನು ಅರಿಯದೆ, ಒಂದೇ ಒಂದು ಸಹಿಯಿಂದ ಅದನ್ನು ಶಾಶ್ವತವಾಗಿ ಕಳೆದುಕೊಂಡೆವೆಂದು ಭಾವಿಸುತ್ತಾರೆ. ಮತ್ತೊಂದೆಡೆ, ಹವ್ಯಾಸಿ ಸಂಘಗಳು, ಶಾಲೆಗಳು ಮತ್ತು ದೇವಸ್ಥಾನದ ಸಮಿತಿಗಳು ಕಾನೂನು ಅನುಮತಿಸಿರುವುದನ್ನೂ ಮಾಡಲು ಹಿಂಜರಿಯುತ್ತವೆ, ಇಲ್ಲವೇ ಅನುಮತಿ ಪಡೆಯಬೇಕಾದ ಕಡೆ ಪಡೆಯದೆ ನೋಟೀಸಿಗೆ ಗುರಿಯಾಗುತ್ತವೆ. ಈ ಎರಡೂ ವರ್ಗದವರ ಅನುಕೂಲಕ್ಕಾಗಿ ಕಾನೂನಿನ ಮುಖ್ಯಾಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಅನ್ವಯವಾಗುವ ಕಾನೂನು

ಕೃತಿಸ್ವಾಮ್ಯ ಅಧಿನಿಯಮ, 1957 ಕೇಂದ್ರ ಸರ್ಕಾರದ ಕಾನೂನಾಗಿದ್ದು, 1958ರ ಜನವರಿ 21ರಿಂದ ಜಾರಿಯಲ್ಲಿದೆ. ಇದಕ್ಕೆ ಹಲವು ಬಾರಿ ತಿದ್ದುಪಡಿ ತರಲಾಗಿದ್ದು, ಅವುಗಳಲ್ಲಿ 2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿ ಕಲಾವಿದರ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ನೋಂದಣಿ ಮೊದಲಾದ ಕಾರ್ಯವಿಧಾನಗಳನ್ನು ಕೃತಿಸ್ವಾಮ್ಯ ನಿಯಮಗಳು, 2013ರಲ್ಲಿ ನಿರೂಪಿಸಲಾಗಿದೆ. ಕೃತಿಸ್ವಾಮ್ಯ ಕಚೇರಿಯು ನವದೆಹಲಿಯಲ್ಲಿದೆ. ಹಿಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯಕ್ಕೆ ಸೇರಿದ್ದ ಈ ವಿಷಯವನ್ನು 2016ರಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯಕ್ಕೆ ವರ್ಗಾಯಿಸಲಾಯಿತು.

ಹೆಸರು ಮತ್ತು ಲಾಂಛನಗಳಿಗೆ ಸಂಬಂಧಿಸಿದ ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999 ಹಾಗೂ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಗಳಿಗೆ ಸಂಬಂಧಿಸಿದ ಭೌಗೋಳಿಕ ಸೂಚಕಗಳ ಅಧಿನಿಯಮ, 1999 ಇವು ಪ್ರತ್ಯೇಕ ಕಾನೂನುಗಳು. ಚನ್ನಪಟ್ಟಣದ ಆಟಿಕೆ, ಬಿದರಿ ಕಲೆ, ಮೈಸೂರಿನ ಗಂಜೀಫಾ, ಕಸೂತಿ ಮುಂತಾದವು ಭೌಗೋಳಿಕ ಸೂಚಕದ ರಕ್ಷಣೆ ಪಡೆದಿವೆ. ಪ್ರಸ್ತುತ ಲೇಖನವು ಮುಖ್ಯವಾಗಿ ಕೃತಿಸ್ವಾಮ್ಯಕ್ಕೆ ಸಂಬಂಧಿಸಿದೆ.

3. ಒಂದು ಹಾಡು, ಹಲವು ಹಕ್ಕುದಾರರು

ಧ್ವನಿಮುದ್ರಣಗೊಂಡ ಒಂದು ಹಾಡನ್ನು ಕೇಳುಗರು ಒಂದೇ ವಸ್ತುವೆಂದು ಭಾವಿಸುವುದು ಸಹಜ. ಕಾನೂನಿನ ದೃಷ್ಟಿಯಲ್ಲಿ ಅದರಲ್ಲಿ ಕನಿಷ್ಠ ನಾಲ್ಕು ಬಗೆಯ ಹಕ್ಕುಗಳು ಅಡಗಿವೆ:

(ಅ) ಸಾಹಿತ್ಯ: ಇದು ಸಾಹಿತ್ಯ ಕೃತಿ. ಇದರ ಕರ್ತೃ ಗೀತರಚನೆಕಾರ.
(ಆ) ರಾಗ ಸಂಯೋಜನೆ: ಇದು ಸಂಗೀತ ಕೃತಿ. ಇದರ ಕರ್ತೃ ಸಂಗೀತ ಸಂಯೋಜಕ.
(ಇ) ಧ್ವನಿಮುದ್ರಿಕೆ: ಇದರ ಕರ್ತೃ ಅದನ್ನು ನಿರ್ಮಿಸಿದವರು, ಅಂದರೆ ನಿರ್ಮಾಪಕರು ಅಥವಾ ಧ್ವನಿಮುದ್ರಣ ಸಂಸ್ಥೆ.
(ಈ) ಗಾಯನ ಮತ್ತು ವಾದನ: ಇದರ ಮೇಲೆ ಗಾಯಕರಿಗೂ ವಾದಕರಿಗೂ ಪ್ರದರ್ಶಕರ ಹಕ್ಕು ಇರುತ್ತದೆ.

ಈ ವಿಂಗಡಣೆ ಏಕೆ ಮುಖ್ಯವೆಂದರೆ, ಒಬ್ಬ ಹಕ್ಕುದಾರರ ಅನುಮತಿ ಪಡೆದ ಮಾತ್ರಕ್ಕೆ ಉಳಿದವರ ಅನುಮತಿ ಪಡೆದಂತಾಗುವುದಿಲ್ಲ. ಉದಾಹರಣೆಗೆ, ಕವಿಯೊಬ್ಬರ ಭಾವಗೀತೆಗೆ ಹೊಸದಾಗಿ ರಾಗ ಸಂಯೋಜಿಸಿ ಧ್ವನಿಮುದ್ರಿಸುವವರು ಕವಿಯಿಂದ ಅಥವಾ ಅವರ ವಾರಸುದಾರರಿಂದ ಅನುಮತಿ ಪಡೆಯತಕ್ಕದ್ದು. ಹಳೆಯ ರಾಗ ಸಂಯೋಜನೆಯನ್ನೇ ಬಳಸುವುದಾದರೆ ಸಂಯೋಜಕರ ಅನುಮತಿಯೂ ಅಗತ್ಯ. ಹಳೆಯ ಧ್ವನಿಮುದ್ರಿಕೆಯ ತುಣುಕನ್ನೇ ಸೇರಿಸಿಕೊಳ್ಳುವುದಾದರೆ ಧ್ವನಿಮುದ್ರಣ ಸಂಸ್ಥೆಯ ಅನುಮತಿಯೂ ಬೇಕಾಗುತ್ತದೆ.

ಪ್ರದರ್ಶಕರೆಂಬ ಪದಕ್ಕೆ ಅಧಿನಿಯಮವು ವಿಶಾಲವಾದ ಅರ್ಥವನ್ನು ನೀಡಿದೆ. ನಟರು, ಗಾಯಕರು, ವಾದಕರು ಹಾಗೂ ನರ್ತಕರು ಮಾತ್ರವಲ್ಲದೆ ದೊಂಬರಾಟದವರು, ಕೈಚಳಕದವರು, ಜಾದೂಗಾರರು, ಹಾವಾಡಿಗರು ಮತ್ತು ಉಪನ್ಯಾಸ ನೀಡುವವರೂ ಇದರಲ್ಲಿ ಸೇರಿದ್ದಾರೆ. ಇವರ ಹಕ್ಕು ಪ್ರದರ್ಶನ ನಡೆದ ವರ್ಷದ ಮುಂದಿನ ವರ್ಷದಿಂದ 50 ವರ್ಷಗಳವರೆಗೆ ಇರುತ್ತದೆ. ಆದುದರಿಂದ ತಾಳಮದ್ದಳೆಯ ಅರ್ಥಧಾರಿಯೊಬ್ಬರ ಮಾತುಗಾರಿಕೆಯನ್ನು ಅವರ ಒಪ್ಪಿಗೆಯಿಲ್ಲದೆ ಮುದ್ರಿಸಿಕೊಂಡು ಮಾರಾಟ ಮಾಡಲು ಅಥವಾ ಅಂತರ್ಜಾಲದಲ್ಲಿ ಪ್ರಸಾರ ಮಾಡಲು ಪ್ರೇಕ್ಷಕರಿಗೆ ಹಕ್ಕಿರುವುದಿಲ್ಲ.

4. ಹಕ್ಕಿನ ಅವಧಿ

ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳ ಕೃತಿಸ್ವಾಮ್ಯವು ಕರ್ತೃವಿನ ಜೀವಿತಾವಧಿ ಹಾಗೂ ಅವರು ನಿಧನರಾದ ವರ್ಷದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಮೊದಲು ಈ ಅವಧಿ 50 ವರ್ಷಗಳಾಗಿದ್ದಿತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಅಂತ್ಯಕ್ಕೆ ಮುಗಿಯಲಿದ್ದ ಸಂದರ್ಭದಲ್ಲಿ ಈ ಅವಧಿಯನ್ನು ಹತ್ತು ವರ್ಷಗಳಷ್ಟು ಹೆಚ್ಚಿಸಲಾಯಿತು. ಇದರ ಪ್ರಯೋಜನ ದೇಶದ ಎಲ್ಲ ಭಾಷೆಗಳ ಲೇಖಕರ ವಾರಸುದಾರರಿಗೂ ದೊರೆಯಿತು. ಚಲನಚಿತ್ರ ಮತ್ತು ಧ್ವನಿಮುದ್ರಿಕೆಗಳಿಗೆ ಪ್ರಕಟಣೆಯ ವರ್ಷದ ಮುಂದಿನ ವರ್ಷದಿಂದ 60 ವರ್ಷಗಳ ಅವಧಿ ಇರುತ್ತದೆ.

ಕನ್ನಡದ ಕೆಲವು ಉದಾಹರಣೆಗಳು ಈ ಕೆಳಕಂಡಂತಿವೆ (ಕರ್ತೃವಿನ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಗಳಿಗೆ):

ಟಿ.ಪಿ. ಕೈಲಾಸಂ (ನಿಧನ 1946): ಹಕ್ಕು 31-12-2006ಕ್ಕೆ ಮುಕ್ತಾಯವಾಗಿದೆ.
ಡಿ.ವಿ. ಗುಂಡಪ್ಪ (ನಿಧನ 1975): 31-12-2035ರವರೆಗೆ.
ದ.ರಾ. ಬೇಂದ್ರೆ (ನಿಧನ 1981): 31-12-2041ರವರೆಗೆ.
ಕುವೆಂಪು (ನಿಧನ 1994): 31-12-2054ರವರೆಗೆ.
ಕೆ. ಶಿವರಾಮ ಕಾರಂತ (ನಿಧನ 1997): 31-12-2057ರವರೆಗೆ.
ಗಿರೀಶ ಕಾರ್ನಾಡ (ನಿಧನ 2019): 31-12-2079ರವರೆಗೆ.

ಅಂದರೆ, ಕೈಲಾಸಂ ಅವರ ನಾಟಕವನ್ನು ಯಾವ ಸಂಘವಾದರೂ ಅನುಮತಿಯಿಲ್ಲದೆ ರಂಗಕ್ಕೆ ತರಬಹುದು. ಆದರೆ ಕಾರ್ನಾಡರ ನಾಟಕವನ್ನು ಟಿಕೆಟ್ ಇಟ್ಟು ಆಡುವುದಾದರೆ ಹಕ್ಕುದಾರರ ಅನುಮತಿ ಅಗತ್ಯ. ಹಕ್ಕು ಮುಗಿದ ಕೃತಿಯನ್ನು ಇತ್ತೀಚಿನ ಲೇಖಕರೊಬ್ಬರು ಅನುವಾದಿಸಿದ್ದರೆ ಅಥವಾ ರೂಪಾಂತರಿಸಿದ್ದರೆ, ಆ ಅನುವಾದಕ್ಕೆ ಪ್ರತ್ಯೇಕ ಹಕ್ಕು ಇರುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಚಲನಚಿತ್ರಗಳ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. 1960ರಲ್ಲಿ ತೆರೆಕಂಡ 'ರಣಧೀರ ಕಂಠೀರವ' ಚಿತ್ರವನ್ನು ತೆಗೆದುಕೊಂಡರೆ, ಚಲನಚಿತ್ರವೆಂಬ ಕೃತಿಯ ಅವಧಿ 31-12-2020ಕ್ಕೆ ಮುಗಿಯುತ್ತದೆ. ಆದರೆ ಯಾವುದೇ ಹಳೆಯ ಚಿತ್ರದಲ್ಲಿ ಅಡಕವಾಗಿರುವ ಸಾಹಿತ್ಯ ಮತ್ತು ಸಂಗೀತದ ಅವಧಿಯನ್ನು ಆಯಾ ಕರ್ತೃ ನಿಧನರಾದ ವರ್ಷದಿಂದ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಆದುದರಿಂದ 'ಹಳೆಯ ಚಿತ್ರ, ಯಾರು ಬೇಕಾದರೂ ಬಳಸಬಹುದು' ಎಂದು ಪರಿಶೀಲಿಸದೆ ತೀರ್ಮಾನಿಸುವುದು ಸರಿಯಲ್ಲ.

5. ಜನಪದ ಕಲೆ ಮತ್ತು ವೈಯಕ್ತಿಕ ಸೃಷ್ಟಿ: ಯಕ್ಷರಂಗದ ಮೊಕದ್ದಮೆ

ಯಕ್ಷಗಾನ, ಡೊಳ್ಳು ಕುಣಿತ, ವೀರಗಾಸೆ, ಲಾವಣಿ, ಸೋಬಾನೆ ಪದ ಮುಂತಾದ ಪರಂಪರಾಗತ ಕಲೆಗಳಿಗೆ ಯಾರೊಬ್ಬರೂ ಒಡೆಯರಲ್ಲ. ಅವು ಸಮುದಾಯದ ಸ್ವತ್ತು. ಆದರೆ ಪರಂಪರೆಯ ಆಧಾರದ ಮೇಲೆ ಒಬ್ಬ ವ್ಯಕ್ತಿ ತನ್ನ ಪ್ರತಿಭೆಯಿಂದ ಹೊಸ ರೂಪವನ್ನು ನಿರ್ಮಿಸಿದರೆ ಆ ಹೊಸ ರೂಪದ ಹಕ್ಕು ಯಾರದು? ಈ ಪ್ರಶ್ನೆಗೆ ಉಡುಪಿ ಜಿಲ್ಲೆಯಿಂದಲೇ ಹೊರಟ ಒಂದು ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಉತ್ತರ ಪಡೆದಿದೆ.

ಡಾ. ಕೆ. ಶಿವರಾಮ ಕಾರಂತರು ಯಕ್ಷಗಾನದ ರಾಗ, ನೃತ್ಯ, ವೇಷಭೂಷಣ ಹಾಗೂ ರಂಗವಿನ್ಯಾಸಗಳಲ್ಲಿ ಪ್ರಯೋಗಗಳನ್ನು ನಡೆಸಿ, 'ಯಕ್ಷರಂಗ' ಎಂಬ ನೃತ್ಯರೂಪಕದ ಪ್ರಕಾರವನ್ನು ರೂಪಿಸಿದರು. ಇದರಲ್ಲಿ 'ಅಭಿಮನ್ಯು ವಧೆ' ಸೇರಿದಂತೆ ಏಳು ಪ್ರಸಂಗಗಳು ಸಿದ್ಧವಾದವು. ಉಡುಪಿಯ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿಯೂ ಅವರು ಸೇವೆ ಸಲ್ಲಿಸಿದ್ದರು. ಅವರು 1994ರ ಜೂನ್ 18ರಂದು ಉಯಿಲು ಬರೆದು, 1997ರ ಡಿಸೆಂಬರ್ 9ರಂದು ನಿಧನರಾದರು. 2001ರ ಸೆಪ್ಟೆಂಬರ್‌ನಲ್ಲಿ ನವದೆಹಲಿಯಲ್ಲಿ 'ಅಭಿಮನ್ಯು ವಧೆ' ಪ್ರದರ್ಶನಗೊಂಡಾಗ, ಉಯಿಲಿನ ಮೂಲಕ ಹಕ್ಕು ಪಡೆದವರು ತಮ್ಮ ಅನುಮತಿ ಇಲ್ಲದೆ ಪ್ರದರ್ಶನ ನಡೆದಿದೆ ಎಂದು ಯಕ್ಷಗಾನ ಕೇಂದ್ರವನ್ನು ನಡೆಸುತ್ತಿದ್ದ ಮಣಿಪಾಲದ ಸಂಸ್ಥೆಯ ವಿರುದ್ಧ ಉಡುಪಿಯಲ್ಲಿ ದಾವೆ ಹೂಡಿದರು. ಜಿಲ್ಲಾ ನ್ಯಾಯಾಲಯವು 2003ರಲ್ಲಿ ವಾದಿಯ ಪರವಾಗಿ ತೀರ್ಪಿತ್ತಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2007ರಲ್ಲಿ ಕೆಲವು ಮಾರ್ಪಾಡುಗಳೊಂದಿಗೆ ಅದನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯದ ಅಂತಿಮ ತೀರ್ಪು 2009ರ ಜನವರಿ 23ರಂದು ಹೊರಬಂದಿತು.

ಸದರಿ ತೀರ್ಪಿನಿಂದ ಸಾರ್ವಜನಿಕರು ತಿಳಿಯಬೇಕಾದ ಅಂಶಗಳು ಮೂರು:

ಒಂದನೆಯದಾಗಿ, ಇಂತಹ ನೃತ್ಯರೂಪಕವು ಸಾಹಿತ್ಯ ಕೃತಿಯಲ್ಲ, ನಾಟಕ ಕೃತಿ. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ಉಯಿಲಿನಲ್ಲಿ 'ಸಾಹಿತ್ಯ ಕೃತಿಗಳು' ಎಂದು ಬರೆದ ಮಾತ್ರಕ್ಕೆ ನಾಟಕ ಕೃತಿಗಳ ಹಕ್ಕು ತಾನಾಗಿ ಅದರಲ್ಲಿ ಸೇರುವುದಿಲ್ಲ. ಕಾರಂತರ ಉಯಿಲಿನಲ್ಲಿ ಇತರ ಉಳಿಕೆ ಆಸ್ತಿಗಳ ಬಗ್ಗೆಯೂ ಷರತ್ತು ಇದ್ದುದರಿಂದ ಸದರಿ ಹಕ್ಕು ವಾದಿಗೆ ಸಂದಿತು. ಆದುದರಿಂದ ಕಲಾವಿದರು ಉಯಿಲು ಬರೆಯುವಾಗ ಪ್ರತಿಯೊಂದು ಬಗೆಯ ಕೃತಿಯನ್ನೂ ಹೆಸರಿಸಿ ಬರೆಯುವುದು ಒಳಿತು.

ಎರಡನೆಯದಾಗಿ, ಮೂಲ ಕಲೆ ಪರಂಪರಾಗತವಾಗಿದ್ದರೂ ಅದರ ಮೇಲೆ ಕಟ್ಟಿದ ಹೊಸ ಸೃಷ್ಟಿಗೆ ರಕ್ಷಣೆ ದೊರೆಯುತ್ತದೆ. ಈ ರಕ್ಷಣೆಯು ಆ ಸೃಷ್ಟಿಗೆ ಮಾತ್ರ ಸೀಮಿತ. ಅಭಿಮನ್ಯುವಿನ ಕಥೆಯನ್ನು ಬೇರೆ ರೀತಿಯಲ್ಲಿ ಆಡಲು ಯಾವ ಮೇಳಕ್ಕೂ ಅಡ್ಡಿಯಿಲ್ಲ.

ಮೂರನೆಯದಾಗಿ, ಹಕ್ಕುದಾರರ ಪರವಾಗಿ ನೀಡಿದ ಪ್ರತಿಬಂಧಕಾಜ್ಞೆಯೂ ಅಧಿನಿಯಮದ ಕಲಂ 52ರಲ್ಲಿರುವ ವಿನಾಯಿತಿಗಳಿಗೆ ಒಳಪಟ್ಟಿರುತ್ತದೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ನಡೆಯುವ ಪ್ರದರ್ಶನಕ್ಕೂ, ಹವ್ಯಾಸಿ ಸಂಘವು ಹಣ ತೆರದ ಪ್ರೇಕ್ಷಕರ ಮುಂದೆ ನೀಡುವ ಪ್ರದರ್ಶನಕ್ಕೂ ಈ ವಿನಾಯಿತಿ ಲಭ್ಯವಿದೆ. ಹೀಗೆ ಒಬ್ಬ ಕಲಾವಿದನ ಹಕ್ಕನ್ನೂ, ಆ ಕಲೆಯನ್ನು ಕಲಿಯುವ ಹಾಗೂ ನೋಡುವ ಸಮಾಜದ ಹಿತವನ್ನೂ ಕಾನೂನು ಒಟ್ಟಿಗೆ ಕಾಯುತ್ತದೆ.

ಹೊಸ ಪ್ರಸಂಗ, ನೃತ್ಯವಿನ್ಯಾಸ ಅಥವಾ ಮೂಕಾಭಿನಯವನ್ನು ರಚಿಸುವವರು ಅದನ್ನು ಬರಹದಲ್ಲಿಯೋ ದೃಶ್ಯಮುದ್ರಣದಲ್ಲಿಯೋ ದಾಖಲಿಸಿ ಇಡತಕ್ಕದ್ದು. ಕೇವಲ ಮನಸ್ಸಿನಲ್ಲಿರುವ ಅಥವಾ ಬಾಯಿಮಾತಿನಲ್ಲಿ ಉಳಿದ ರಚನೆಯನ್ನು ನ್ಯಾಯಾಲಯದಲ್ಲಿ ತನ್ನದೆಂದು ರುಜುವಾತುಪಡಿಸುವುದು ಕಷ್ಟಸಾಧ್ಯ.

6. ಗೀತರಚನೆಕಾರರು ಮತ್ತು ಸಂಯೋಜಕರ ರಾಯಧನ

ಚಿತ್ರಗೀತೆಯೊಂದು ದಶಕಗಳ ಕಾಲ ಆಕಾಶವಾಣಿಯಲ್ಲಿ, ದೂರದರ್ಶನದಲ್ಲಿ ಹಾಗೂ ವೇದಿಕೆಗಳಲ್ಲಿ ಕೇಳಿಬರುತ್ತಿದ್ದರೂ ಅದನ್ನು ಬರೆದವರಿಗೆ ಮೊದಲ ಬಾರಿ ದೊರೆತ ಸಂಭಾವನೆಯ ಹೊರತು ಬೇರೇನೂ ಸಿಗದಿದ್ದ ಕಾಲವೊಂದಿತ್ತು. ನಿರ್ಮಾಪಕರ ಹಣದಿಂದ ಚಿತ್ರಕ್ಕಾಗಿ ರಚಿಸಿದ ಹಾಡಿನ ಹಕ್ಕು, ವಿರುದ್ಧವಾದ ಒಪ್ಪಂದ ಇಲ್ಲದಿದ್ದಲ್ಲಿ, ನಿರ್ಮಾಪಕರದೇ ಎಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತ್ತು. ಅದೇ ತೀರ್ಪಿಗೆ ಸೇರಿಸಿದ ಟಿಪ್ಪಣಿಯಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಸಂಗೀತಗಾರರ ಸ್ಥಿತಿಯತ್ತ ಶಾಸಕಾಂಗದ ಗಮನ ಸೆಳೆದಿದ್ದರು.

ಈ ಸ್ಥಿತಿ ಬದಲಾಗಲು 35 ವರ್ಷಗಳು ಬೇಕಾದವು. 2012ರ ತಿದ್ದುಪಡಿಯ ಪ್ರಕಾರ, ಚಿತ್ರದಲ್ಲಿ ಸೇರಿದ ಸಾಹಿತ್ಯ ಅಥವಾ ಸಂಗೀತದ ಕರ್ತೃವು, ಚಿತ್ರಮಂದಿರದಲ್ಲಿ ಚಿತ್ರದೊಡನೆ ಪ್ರದರ್ಶನವಾಗುವುದನ್ನು ಹೊರತುಪಡಿಸಿ, ಬೇರೆ ಎಲ್ಲ ಬಗೆಯ ಬಳಕೆಯಿಂದ ಬರುವ ರಾಯಧನದಲ್ಲಿ ಹಕ್ಕು ಪಡೆದವರೊಡನೆ ಸಮಪಾಲು ಪಡೆಯಲು ಅರ್ಹರು. ಈ ಹಕ್ಕನ್ನು ತಮ್ಮ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಹಾಗೆ ಬಿಟ್ಟುಕೊಡುವುದಾಗಿ ಬರೆಸಿಕೊಂಡ ಕರಾರು ಅನೂರ್ಜಿತ. ಗಾಯಕರಿಗೂ ಇತರ ಪ್ರದರ್ಶಕರಿಗೂ ತಮ್ಮ ಪ್ರದರ್ಶನದ ವಾಣಿಜ್ಯ ಬಳಕೆಗೆ ರಾಯಧನ ಪಡೆಯುವ ಹಕ್ಕನ್ನು ಇದೇ ತಿದ್ದುಪಡಿ ನೀಡಿದೆ.

ಒಪ್ಪಂದಕ್ಕೆ ಸಹಿ ಮಾಡುವ ಮುನ್ನ ಕಲಾವಿದರು ಗಮನಿಸಬೇಕಾದ ಅಂಶಗಳು:

- ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು ಮತ್ತು ವರ್ಗಾಯಿಸುವವರ ಸಹಿ ಇರಬೇಕು. ಬಾಯಿಮಾತಿನ ವರ್ಗಾವಣೆ ಸಿಂಧುವಲ್ಲ.
- ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ರಾಯಧನ ಎಂಬುದನ್ನು ನಮೂದಿಸತಕ್ಕದ್ದು.
- ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ 5 ವರ್ಷಗಳಿಗೆ ಮಾತ್ರ ಎಂದು ಭಾವಿಸಲಾಗುತ್ತದೆ. ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತ.
- ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಚಲಾಯಿಸದಿದ್ದಲ್ಲಿ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಆ ಹಕ್ಕಿನ ವರ್ಗಾವಣೆ ರದ್ದಾಗುತ್ತದೆ.
- ಹಕ್ಕನ್ನು ಮಾರಿದ ನಂತರವೂ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಹಾಗೂ ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ತಿರುಚುವುದನ್ನು ಆಕ್ಷೇಪಿಸುವ ಹಕ್ಕು ಕಲಂ 57ರ ಪ್ರಕಾರ ಕರ್ತೃವಿನಲ್ಲಿಯೇ ಉಳಿಯುತ್ತದೆ.

7. ಅನುಮತಿ ಅಗತ್ಯವಿಲ್ಲದ ಸಂದರ್ಭಗಳು

ಅಧಿನಿಯಮದ ಕಲಂ 52ರಲ್ಲಿ ಈ ಕೆಳಕಂಡ ಬಳಕೆಗಳು ಉಲ್ಲಂಘನೆಯಲ್ಲ ಎಂದು ತಿಳಿಸಲಾಗಿದೆ:

(ಅ) ಶಾಲಾ ಕಾಲೇಜುಗಳು: ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನಡೆಸುವ ನಾಟಕ, ಗಾಯನ ಇತ್ಯಾದಿ. ಚಲನಚಿತ್ರ ಅಥವಾ ಧ್ವನಿಮುದ್ರಿಕೆಯನ್ನು ಬಳಸುವುದಾದರೆ ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಹಾಗೂ ಸಂಸ್ಥೆಯ ಚಟುವಟಿಕೆಗಳಿಗೆ ನೇರ ಸಂಬಂಧವುಳ್ಳವರಿಗೆ ಸೀಮಿತವಾಗಿರಬೇಕು.

(ಆ) ಹವ್ಯಾಸಿ ಸಂಘಗಳು: ಹಣ ಪಡೆಯದೆ ನೀಡುವ ಪ್ರದರ್ಶನ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನೀಡುವ ಪ್ರದರ್ಶನ. ಇಲ್ಲಿ 'ಹವ್ಯಾಸಿ' ಎಂಬ ಪದ ಮುಖ್ಯ. ಸಂಭಾವನೆ ಪಡೆಯುವ ವೃತ್ತಿಪರ ತಂಡವನ್ನು ಕರೆಸಿದಾಗ ಈ ವಿನಾಯಿತಿ ಅನ್ವಯಿಸುವುದಿಲ್ಲ.

(ಇ) ಧಾರ್ಮಿಕ ಮತ್ತು ಸರ್ಕಾರಿ ಸಮಾರಂಭಗಳು: ನೈಜ ಧಾರ್ಮಿಕ ವಿಧಿಯ ಅಂಗವಾಗಿ ಅಥವಾ ಕೇಂದ್ರ, ರಾಜ್ಯ ಸರ್ಕಾರ ಇಲ್ಲವೇ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭದಲ್ಲಿ ಹಾಡನ್ನು ಹಾಡುವುದು ಅಥವಾ ಧ್ವನಿಮುದ್ರಿಕೆಯನ್ನು ನುಡಿಸುವುದು. ಗ್ರಾಮ ಪಂಚಾಯಿತಿ ಆಚರಿಸುವ ರಾಜ್ಯೋತ್ಸವಕ್ಕೆ ಈ ವಿನಾಯಿತಿ ಇದೆ. ಖಾಸಗಿ ಸಂಸ್ಥೆಯೊಂದು ಅದೇ ಹೆಸರಿನಲ್ಲಿ ನಡೆಸುವ ಟಿಕೆಟ್ ಸಹಿತ ಮನರಂಜನಾ ಕಾರ್ಯಕ್ರಮಕ್ಕೆ ಇಲ್ಲ.

(ಈ) ಮದುವೆ: ಮದುವೆಯ ಮೆರವಣಿಗೆ ಹಾಗೂ ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಮಾರಂಭಗಳು ಧಾರ್ಮಿಕ ವಿಧಿಯಲ್ಲಿ ಸೇರುತ್ತವೆ ಎಂದು ಅಧಿನಿಯಮದ ವಿವರಣೆಯಲ್ಲಿಯೇ ತಿಳಿಸಲಾಗಿದೆ. ಕೇಂದ್ರ ಸರ್ಕಾರದ ಸಂಬಂಧಪಟ್ಟ ಇಲಾಖೆಯು 2023ರ ಜುಲೈ 24ರಂದು ಇದನ್ನೇ ಪುನರುಚ್ಚರಿಸಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಇದೇ ವಿಷಯದಲ್ಲಿ ಗೋವಾ ಸರ್ಕಾರ ಹೊರಡಿಸಿದ್ದ ಸುತ್ತೋಲೆಯನ್ನು ಬಾಂಬೆ ಉಚ್ಚ ನ್ಯಾಯಾಲಯದ ಗೋವಾ ಪೀಠವು 2024ರ ಆಗಸ್ಟ್‌ನಲ್ಲಿ ರದ್ದುಗೊಳಿಸಿತು. ವಿನಾಯಿತಿ ಎಷ್ಟರಮಟ್ಟಿಗೆ ಎಂಬುದನ್ನು ನಿರ್ಧರಿಸುವುದು ಅಧಿನಿಯಮವೇ ಹೊರತು ಸುತ್ತೋಲೆಯಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ಮದುವೆಯ ಮನೆಯವರು ಆಮಂತ್ರಣ ಪತ್ರಿಕೆ ಹಾಗೂ ಸಭಾಂಗಣದ ಕಾಯ್ದಿರಿಸುವಿಕೆಯ ರಸೀದಿಯನ್ನು ಇಟ್ಟುಕೊಂಡಿದ್ದರೆ, ಸಮಾರಂಭದ ಸ್ವರೂಪವನ್ನು ತೋರಿಸಲು ಅನುಕೂಲವಾಗುತ್ತದೆ.

(ಉ) ಸದ್ಬಳಕೆ: ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ ಹಾಗೂ ಪ್ರಚಲಿತ ಘಟನೆಗಳ ವರದಿಗಾಗಿ ನ್ಯಾಯಯುತವಾದ ಬಳಕೆ.

8. ಅನುಮತಿ ಪಡೆಯಬೇಕಾದ ಸಂದರ್ಭಗಳು

ಹೋಟೆಲ್, ಅಂಗಡಿ, ಮಳಿಗೆ, ಬಸ್ಸು ಮುಂತಾದ ವಾಣಿಜ್ಯ ಸ್ಥಳಗಳಲ್ಲಿ ಹಾಡು ನುಡಿಸಲು, ಟಿಕೆಟ್ ಇಟ್ಟು ಅಥವಾ ಪ್ರಾಯೋಜಕರ ನೆರವಿನಿಂದ ವಾದ್ಯಗೋಷ್ಠಿ ನಡೆಸಲು ಹಾಗೂ ಹೊಸ ವರ್ಷದ ಮನರಂಜನಾ ಕೂಟಗಳಿಗೆ ಪರವಾನಗಿ ಅಗತ್ಯ. ವೇದಿಕೆಯ ಮೇಲೆ ಕಲಾವಿದರೇ ಹಾಡುವುದಾದರೆ ಸಾಹಿತ್ಯ ಮತ್ತು ಸಂಗೀತದ ಪರವಾನಗಿ ಸಾಕು. ಧ್ವನಿಮುದ್ರಿಕೆಯನ್ನೇ ನುಡಿಸುವುದಾದರೆ ಧ್ವನಿಮುದ್ರಿಕೆಯ ಪರವಾನಗಿಯೂ ಬೇಕು.

ಪ್ರತಿಯೊಬ್ಬ ಹಕ್ಕುದಾರರನ್ನು ಹುಡುಕಿ ಅನುಮತಿ ಕೇಳುವುದು ಅಸಾಧ್ಯವಾದುದರಿಂದ, ಅವರ ಪರವಾಗಿ ಪರವಾನಗಿ ನೀಡುವ ಕೃತಿಸ್ವಾಮ್ಯ ಸಂಘಗಳನ್ನು ಕೇಂದ್ರ ಸರ್ಕಾರ ನೋಂದಾಯಿಸುತ್ತದೆ. ಸಾಹಿತ್ಯ ಮತ್ತು ಸಂಗೀತಕ್ಕಾಗಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ 2017ರಲ್ಲಿಯೂ, ಧ್ವನಿಮುದ್ರಿಕೆಗಳಿಗಾಗಿ ರೆಕಾರ್ಡೆಡ್ ಮ್ಯೂಸಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್ 2021ರಲ್ಲಿಯೂ ನೋಂದಣಿ ಪಡೆದವು. ಹಣ ಕೇಳಿ ಬಂದವರಿಂದ ಅವರು ಪ್ರತಿನಿಧಿಸುವ ಸಂಸ್ಥೆಯ ನೋಂದಣಿ ಪತ್ರ ಅಥವಾ ಹಕ್ಕಿನ ದಾಖಲೆ, ಕೃತಿಗಳ ಪಟ್ಟಿ ಮತ್ತು ದರಪಟ್ಟಿಯನ್ನು ಕೇಳಿ ನೋಡುವುದು ಸಾರ್ವಜನಿಕರ ಹಕ್ಕು. ರಸೀದಿ ಇಲ್ಲದೆ ಯಾರಿಗೂ ಹಣ ಪಾವತಿಸಬಾರದು.

ಹಳೆಯ ಹಾಡನ್ನು ಹೊಸ ಧ್ವನಿಯಲ್ಲಿ ಮತ್ತೆ ಮುದ್ರಿಸುವುದಕ್ಕೆ ಕಲಂ 31ಸಿ ಅಡಿ ವ್ಯವಸ್ಥೆ ಇದೆ. ಮೂಲ ಧ್ವನಿಮುದ್ರಿಕೆ ಹೊರಬಂದ ವರ್ಷ ಮುಗಿದು 5 ವರ್ಷಗಳು ಕಳೆದಿರಬೇಕು, ಮುಂಚಿತವಾಗಿ ಸೂಚನೆ ಕೊಟ್ಟು ರಾಯಧನ ಪಾವತಿಸಬೇಕು ಹಾಗೂ ಮೂಲ ಕೃತಿಯಲ್ಲಿ ತಾಂತ್ರಿಕವಾಗಿ ಅಗತ್ಯವಿಲ್ಲದ ಬದಲಾವಣೆ ಮಾಡಬಾರದು.

9. ಕಥೆ ಮತ್ತು ಶೀರ್ಷಿಕೆ

ಕೃತಿಸ್ವಾಮ್ಯವು ಅಭಿವ್ಯಕ್ತಿಗೆ ದೊರೆಯುತ್ತದೆಯೇ ಹೊರತು ಕಲ್ಪನೆಗಲ್ಲ. 'ಹಮ್ ಹಿಂದೂಸ್ತಾನಿ' ಎಂಬ ನಾಟಕದ ಕರ್ತೃವು 1956ರ 'ನ್ಯೂ ಡೆಲ್ಲಿ' ಎಂಬ ಹಿಂದಿ ಚಲನಚಿತ್ರದ ವಿರುದ್ಧ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಈ ತತ್ತ್ವವನ್ನು ವಿವರಿಸಿದೆ. ಎರಡೂ ಕೃತಿಗಳ ವಸ್ತು ಪ್ರಾದೇಶಿಕತೆಯ ಸಮಸ್ಯೆಯೇ ಆಗಿದ್ದರೂ, ನಿರೂಪಣೆ ಬೇರೆಯಾಗಿದ್ದುದರಿಂದ ಉಲ್ಲಂಘನೆ ಸ್ಥಾಪಿತವಾಗಲಿಲ್ಲ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಒಂದು ಮತ್ತೊಂದರ ನಕಲು ಎಂಬ ನಿಸ್ಸಂದಿಗ್ಧ ಭಾವನೆ ಮೂಡುತ್ತದೆಯೇ ಎಂಬುದೇ ಪರೀಕ್ಷೆ.

ಅದೇ ರೀತಿ, ಕೃತಿಯ ಶೀರ್ಷಿಕೆಗೆ ಮಾತ್ರ ಪ್ರತ್ಯೇಕವಾಗಿ ಕೃತಿಸ್ವಾಮ್ಯ ಇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿದೆ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸುವುದು ಉದ್ಯಮದ ಆಂತರಿಕ ವ್ಯವಸ್ಥೆಯಾಗಿದ್ದು, ಶಾಸನಬದ್ಧ ನೋಂದಣಿಗೆ ಸಮನಲ್ಲ. ಮೇಳ, ನಾಟಕ ತಂಡ, ವಾದ್ಯವೃಂದ ಮುಂತಾದವುಗಳ ಹೆಸರು ಹಾಗೂ ಲಾಂಛನಕ್ಕೆ ರಕ್ಷಣೆ ಬಯಸುವವರು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಬಹುದು. ಮನರಂಜನಾ ಸೇವೆಗಳು 41ನೇ ವರ್ಗದಲ್ಲಿ ಬರುತ್ತವೆ. ಕರ್ನಾಟಕದ ಅರ್ಜಿಗಳು ಚೆನ್ನೈನಲ್ಲಿರುವ ನೋಂದಣಿ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ನೋಂದಣಿ 10 ವರ್ಷಗಳಿಗೆ ಸಿಂಧುವಾಗಿದ್ದು, ನವೀಕರಿಸಬಹುದು.

10. ಕೃತಿಸ್ವಾಮ್ಯ ನೋಂದಣಿ ವಿಧಾನ

ಕೃತಿ ರಚನೆಯಾದ ಕ್ಷಣದಿಂದಲೇ ಕೃತಿಸ್ವಾಮ್ಯ ತಾನಾಗಿ ದೊರೆಯುತ್ತದೆ. ನೋಂದಣಿ ಕಡ್ಡಾಯವಲ್ಲ. ಆದರೆ ವಿವಾದ ಉಂಟಾದಾಗ ನೋಂದಣಿ ಪುಸ್ತಕದಲ್ಲಿನ ನಮೂದು ಮೇಲ್ನೋಟದ ಸಾಕ್ಷ್ಯವಾಗಿ ಪರಿಗಣಿತವಾಗುವುದರಿಂದ ನೋಂದಣಿ ಮಾಡಿಸುವುದು ಹಿತಕರ.

ಹಂತಗಳು:
(1) ಕೃತಿಸ್ವಾಮ್ಯ ಕಚೇರಿಯ ಅಧಿಕೃತ ಜಾಲತಾಣದ ಮೂಲಕ ಅಥವಾ ಅಂಚೆಯ ಮೂಲಕ ನಮೂನೆ 14ರಲ್ಲಿ ಅರ್ಜಿ ಸಲ್ಲಿಸುವುದು. ಪ್ರತಿ ಕೃತಿಗೆ ಪ್ರತ್ಯೇಕ ಅರ್ಜಿ ಅಗತ್ಯ.
(2) ನಿಗದಿತ ಶುಲ್ಕ ಪಾವತಿಸುವುದು.
(3) ಕೃತಿಯ ಪ್ರತಿಗಳನ್ನು ಲಗತ್ತಿಸುವುದು. ಅರ್ಜಿದಾರರು ಕರ್ತೃವಲ್ಲದಿದ್ದರೆ ಕರ್ತೃವಿನ ನಿರಾಕ್ಷೇಪಣಾ ಪತ್ರ, ಪ್ರಕಾಶಕರು ಬೇರೆಯವರಾಗಿದ್ದರೆ ಅವರ ನಿರಾಕ್ಷೇಪಣಾ ಪತ್ರ ಹಾಗೂ ವಕೀಲರ ಮೂಲಕ ಸಲ್ಲಿಸುವುದಾದರೆ ಅಧಿಕಾರ ಪತ್ರವನ್ನು ಸೇರಿಸುವುದು.
(4) ಅರ್ಜಿಗೆ ಡೈರಿ ಸಂಖ್ಯೆ ದೊರೆತ ನಂತರ ಆಕ್ಷೇಪಣೆಗಳಿಗಾಗಿ 30 ದಿನಗಳ ಕಾಲಾವಕಾಶ ಇರುತ್ತದೆ.
(5) ಆಕ್ಷೇಪಣೆ ಬಾರದಿದ್ದಲ್ಲಿ ಅರ್ಜಿಯನ್ನು ಪರಿಶೀಲಿಸಲಾಗುತ್ತದೆ. ನ್ಯೂನತೆ ಕಂಡುಬಂದಲ್ಲಿ ಅರ್ಜಿದಾರರಿಗೆ ಪತ್ರ ಬರೆಯಲಾಗುತ್ತದೆ. ಆಕ್ಷೇಪಣೆ ಬಂದಲ್ಲಿ ಉಭಯ ಪಕ್ಷಗಳಿಗೂ ಅಹವಾಲು ಸಲ್ಲಿಸಲು ಅವಕಾಶ ನೀಡಿ ತೀರ್ಮಾನಿಸಲಾಗುತ್ತದೆ.

2013ರ ನಿಯಮಗಳಲ್ಲಿ ನಿಗದಿಪಡಿಸಿರುವ ಶುಲ್ಕ (ಪ್ರತಿ ಕೃತಿಗೆ):
ಸಾಹಿತ್ಯ, ನಾಟಕ, ಸಂಗೀತ ಅಥವಾ ಕಲಾಕೃತಿ: ರೂ. 500
ಸರಕುಗಳಿಗೆ ಸಂಬಂಧಿಸಿದಂತೆ ಬಳಸುವ ಕಲಾಕೃತಿ: ರೂ. 2,000
ಧ್ವನಿಮುದ್ರಿಕೆ: ರೂ. 2,000
ಚಲನಚಿತ್ರ: ರೂ. 5,000

11. ಉಲ್ಲಂಘನೆ ಮತ್ತು ಪರಿಹಾರ

ಹಕ್ಕು ಉಲ್ಲಂಘನೆಯಾದಲ್ಲಿ ಹಕ್ಕುದಾರರು ತಾವು ವಾಸಿಸುವ ಅಥವಾ ಉದ್ಯೋಗ ನಡೆಸುವ ಸ್ಥಳದ ಜಿಲ್ಲಾ ನ್ಯಾಯಾಲಯದಲ್ಲಿಯೇ ದಾವೆ ಹೂಡಬಹುದು. ದೂರದ ಊರಿನ ಸಂಸ್ಥೆಯ ವಿರುದ್ಧ ಹೋರಾಡಬೇಕಾದ ಸಣ್ಣ ಕಲಾವಿದರಿಗೆ ಇದು ದೊಡ್ಡ ಅನುಕೂಲ. ತಿಳಿದೂ ಮಾಡಿದ ಉಲ್ಲಂಘನೆಯು ಕ್ರಿಮಿನಲ್ ಅಪರಾಧವೂ ಆಗಿದ್ದು, ಕಲಂ 63ರ ಪ್ರಕಾರ 6 ತಿಂಗಳಿನಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ರೂ. 50,000ದಿಂದ ರೂ. 2,00,000ದವರೆಗೆ ದಂಡ ವಿಧಿಸಬಹುದು. ಚಿತ್ರಮಂದಿರದಲ್ಲಿ ಚಿತ್ರವನ್ನು ಅನಧಿಕೃತವಾಗಿ ಮುದ್ರಿಸಿಕೊಳ್ಳುವುದಕ್ಕೆ 2023ರಲ್ಲಿ ತಿದ್ದುಪಡಿಯಾದ ಚಲನಚಿತ್ರ ಅಧಿನಿಯಮದ ಅಡಿಯಲ್ಲಿ 3 ತಿಂಗಳಿನಿಂದ 3 ವರ್ಷಗಳವರೆಗೆ ಶಿಕ್ಷೆ ಹಾಗೂ ಕನಿಷ್ಠ ರೂ. 3,00,000 ದಂಡವಿದೆ.

ಅಂತರ್ಜಾಲದಲ್ಲಿ ಕೃತಿಯನ್ನು ಅನುಮತಿಯಿಲ್ಲದೆ ಹಾಕಿದ್ದರೆ, ಹಕ್ಕುದಾರರು ಆ ಜಾಲತಾಣವನ್ನು ನಡೆಸುವವರಿಗೆ ಲಿಖಿತ ದೂರು ನೀಡಬಹುದು. ನಿಯಮ 75ರ ಪ್ರಕಾರ ದೂರು ಸಮರ್ಪಕವಾಗಿದ್ದಲ್ಲಿ 36 ಗಂಟೆಗಳೊಳಗೆ ಅದನ್ನು ತಡೆಹಿಡಿಯಬೇಕು. 21 ದಿನಗಳೊಳಗೆ ದೂರುದಾರರು ನ್ಯಾಯಾಲಯದ ಆದೇಶ ತರದಿದ್ದಲ್ಲಿ ಅದನ್ನು ಮತ್ತೆ ತೆರೆಯಬಹುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಾಡಿನ 30 ಸೆಕೆಂಡುಗಳ ಭಾಗವನ್ನು ಅನುಮತಿಯಿಲ್ಲದೆ ಬಳಸಬಹುದೆಂದು ಹೇಳುತ್ತಾರೆ. ಇದು ನಿಜವೇ?
ಉತ್ತರ: ಇಲ್ಲ. ಅಧಿನಿಯಮದಲ್ಲಿ ಇಂತಹ ಸೆಕೆಂಡುಗಳ ಮಿತಿ ಯಾವುದೂ ಇಲ್ಲ. ಬಳಕೆಯ ಉದ್ದೇಶ ಮತ್ತು ಬಳಸಿದ ಭಾಗದ ಮಹತ್ವವನ್ನು ನೋಡಲಾಗುತ್ತದೆ.

ಪ್ರಶ್ನೆ: ಲೇಖಕರ ಹೆಸರನ್ನು ಹಾಕಿದರೆ ಸಾಕಲ್ಲವೇ?
ಉತ್ತರ: ಹೆಸರು ಹಾಕುವುದು ಅಗತ್ಯ. ಆದರೆ ಅದು ಅನುಮತಿಗೆ ಬದಲಿಯಾಗುವುದಿಲ್ಲ.

ಪ್ರಶ್ನೆ: ನಮ್ಮ ಯುವಕ ಸಂಘವು ಗಣೇಶೋತ್ಸವದಲ್ಲಿ ಉಚಿತ ನಾಟಕ ಆಡುತ್ತದೆ. ನಟರೆಲ್ಲರೂ ಊರಿನವರೇ. ಅನುಮತಿ ಬೇಕೇ?
ಉತ್ತರ: ಹವ್ಯಾಸಿ ಸಂಘವು ಹಣ ಪಡೆಯದೆ ನೀಡುವ ಪ್ರದರ್ಶನವಾದುದರಿಂದ ಕಾನೂನಿನ ಪ್ರಕಾರ ಅಗತ್ಯವಿಲ್ಲ. ಆದರೂ ಲೇಖಕರಿಗೆ ಮುಂಚಿತವಾಗಿ ತಿಳಿಸಿ ಆಹ್ವಾನಿಸುವುದು ಸೌಜನ್ಯ. ನಾಟಕವನ್ನು ಮುದ್ರಿಸಿ ಅಂತರ್ಜಾಲದಲ್ಲಿ ಹಾಕುವುದಾದರೆ ಅದು ಬೇರೆ ಬಳಕೆಯಾಗುವುದರಿಂದ ಅನುಮತಿ ಪಡೆಯತಕ್ಕದ್ದು.

ಪ್ರಶ್ನೆ: ನಮ್ಮ ತಂದೆಯವರು ಬರೆದ ಪ್ರಸಂಗಗಳನ್ನು ಮೇಳವೊಂದು ಆಡುತ್ತಿದೆ. ಅವರು ಉಯಿಲು ಬರೆದಿಲ್ಲ. ನಮಗೆ ಹಕ್ಕಿದೆಯೇ?
ಉತ್ತರ: ತಂದೆಯವರು ಬದುಕಿದ್ದಾಗ ಲಿಖಿತವಾಗಿ ಹಕ್ಕನ್ನು ವರ್ಗಾಯಿಸಿರದಿದ್ದರೆ, ಇತರ ಆಸ್ತಿಯಂತೆ ಇದೂ ಕಾನೂನುಬದ್ಧ ವಾರಸುದಾರರಿಗೆ ಸೇರುತ್ತದೆ. ಹಸ್ತಪ್ರತಿ, ಮುದ್ರಿತ ಪ್ರತಿ, ಹಳೆಯ ಕರಪತ್ರ ಹಾಗೂ ಪತ್ರವ್ಯವಹಾರಗಳನ್ನು ಜೋಪಾನವಾಗಿಡಿ. ಇವೇ ಮುಖ್ಯ ಸಾಕ್ಷ್ಯಗಳು.

ಪ್ರಶ್ನೆ: ಬಹಳ ಹಿಂದೆ ಅವಧಿ ನಮೂದಿಸದ ಒಪ್ಪಂದಕ್ಕೆ ಸಹಿ ಮಾಡಿದ್ದೇನೆ. ಹಕ್ಕು ಹೋಗಿದೆಯೇ?
ಉತ್ತರ: ಒಪ್ಪಂದದ ದಿನಾಂಕ ಮತ್ತು ಒಕ್ಕಣೆಯನ್ನು ಅವಲಂಬಿಸಿದೆ. ಮೂಲ ಒಪ್ಪಂದದೊಡನೆ ವಕೀಲರನ್ನು ಸಂಪರ್ಕಿಸಿ. ವಾರ್ಷಿಕ ಆದಾಯ ಮಿತಿಯೊಳಗಿರುವವರು, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಲು ಅರ್ಹರು.

13. ಸೂಚನೆ

ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮ. ಅರ್ಜಿ ಸಲ್ಲಿಸುವ ಮುನ್ನ ಶುಲ್ಕ ಹಾಗೂ ನಮೂನೆಗಳನ್ನು ಕೃತಿಸ್ವಾಮ್ಯ ಕಚೇರಿಯ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು. ನೋಂದಣಿಗೆ ಅರ್ಜಿದಾರರು ನೇರವಾಗಿ ಅರ್ಜಿ ಸಲ್ಲಿಸಬಹುದಾಗಿದ್ದು, ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ.